ಮೊದಲ ದಿನವೇ ಹೊಟ್ಟೆ ತುಂಬದ ಬ್ರಾಯ್ಲರ್ ಮರಿ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹಾಸನ, ಚಿಕ್ಕಮಗಳೂರು ಕಡೆಯ ಕೋಳಿ ಶೆಡ್‌ಗಳಿಂದ ಫೋನು ಬರುವುದು ಸಾಮಾನ್ಯವಾಗಿ ಮರಿ ಇಳಿಸಿದ ನಾಲ್ಕನೆಯ ಅಥವಾ ಐದನೆಯ ದಿನ. "ಸಾರ್, ಮರಿ ಸಾಯೋಕೆ ಶುರುವಾಗಿದೆ, ಏನ್ ಔಷಧಿ ಹಾಕ್ಲಿ?" ಎಂಬುದು ಮೊದಲ ಪ್ರಶ್ನೆ. ಇನ್ನು ಕೆಲವು ಕಡೆ ಸಾವು ಅಷ್ಟಿರುವುದಿಲ್ಲ, ಆದರೆ ಏಳನೆಯ ದಿನ ತಕ್ಕಡಿಗೆ ಹಾಕಿದಾಗ ಒಂದು ಮರಿ 180 ಗ್ರಾಂ, ಪಕ್ಕದ್ದು 95 ಗ್ರಾಂ ತೂಗುತ್ತದೆ. ಒಂದೇ ಗಾಡಿಯಲ್ಲಿ ಬಂದ, ಒಂದೇ ಫೀಡ್ ತಿಂದ ಮರಿಗಳು ಎರಡು ಬ್ಯಾಚಿನವೇನೋ ಎಂಬಂತೆ ಕಾಣುತ್ತವೆ.

ಈ ಎರಡೂ ದೂರುಗಳಲ್ಲಿ ಬಹಳಷ್ಟು ಸಲ ಮೂಲ ಒಂದೇ: ಮರಿ ಶೆಡ್ಡಿಗೆ ಇಳಿದ ಮೊದಲ 24 ಗಂಟೆಯಲ್ಲಿ ಎಲ್ಲ ಮರಿಗಳ ಹೊಟ್ಟೆಗೂ ಫೀಡು, ನೀರು ಎರಡೂ ಸೇರಿಲ್ಲ. ದೋಷ ಹುಟ್ಟುವುದು ಮೊದಲ ದಿನ, ಕಣ್ಣಿಗೆ ಬೀಳುವುದು ನಾಲ್ಕನೆಯ ದಿನ. ಅಷ್ಟರಲ್ಲಿ ಹಾಕುವ ಆಂಟಿಬಯಾಟಿಕ್ ಹಸಿದ ಮರಿಯ ಹೊಟ್ಟೆ ತುಂಬಿಸುವುದಿಲ್ಲ. ಅದಕ್ಕೇ ಔಷಧಿ ಅಂಗಡಿಗೆ ಹೋಗುವ ಮೊದಲು ಮರಿಯನ್ನು ಕೈಯಲ್ಲಿ ಹಿಡಿಯಿರಿ ಎಂದು ನಾನು ಪ್ರತಿ ಶೆಡ್ಡಿನಲ್ಲೂ ಹೇಳುತ್ತೇನೆ.

ಮೊದಲು ಕ್ರಾಪ್ ಮುಟ್ಟಿ ನೋಡಿ

ಮರಿಯ ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಭಾಗಕ್ಕೆ ಸ್ವಲ್ಪ ಬಲಕ್ಕೆ ಒಂದು ಸಣ್ಣ ಚೀಲ ಇದೆ. ತಿಂದದ್ದು, ಕುಡಿದದ್ದು ಮೊದಲು ಅಲ್ಲಿಗೆ ಬಂದು ನಿಲ್ಲುತ್ತದೆ. ಅದೇ ಕ್ರಾಪ್. ಮರಿಯನ್ನು ಎಡ ಅಂಗೈಯಲ್ಲಿ ಕೂರಿಸಿ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಆ ಜಾಗವನ್ನು ಮೆಲ್ಲಗೆ ಹಿಡಿಯಿರಿ. ಒತ್ತಬೇಡಿ. ಜೋರಾಗಿ ಒತ್ತಿದರೆ ನೀರು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು.

ಬೆರಳಿಗೆ ನಾಲ್ಕು ಬಗೆಯ ಅನುಭವ ಸಿಗುತ್ತದೆ. ಕ್ರಾಪ್ ದುಂಡಗೆ, ಮೆತ್ತಗೆ, ನಾದಿದ ಹಿಟ್ಟಿನ ಹಾಗಿದ್ದರೆ ಮರಿ ತಿಂದೂ ಇದೆ, ಕುಡಿದೂ ಇದೆ. ಒಳಗೆ ಕಾಳು ಕಾಳಾಗಿ ಗಟ್ಟಿಯಾಗಿ ಸಿಕ್ಕಿದರೆ ಫೀಡ್ ತಿಂದಿದೆ, ನೀರು ಸಿಕ್ಕಿಲ್ಲ. ಚೀಲ ಉಬ್ಬಿ ಒಳಗೆ ಬರೀ ನೀರು ಜಾರಾಡಿದರೆ ನೀರು ಕುಡಿದಿದೆ, ಫೀಡ್ ಸಿಕ್ಕಿಲ್ಲ. ಬೆರಳುಗಳ ನಡುವೆ ಚರ್ಮ ಮಾತ್ರ ಸಿಕ್ಕಿದರೆ ಎರಡೂ ಇಲ್ಲ. ಈ ನಾಲ್ಕರಲ್ಲಿ ಯಾವುದು ಎಂಬುದರ ಮೇಲೆ ಮುಂದೆ ಎಲ್ಲಿ ಹುಡುಕಬೇಕು ಎಂಬುದು ನಿಂತಿದೆ. ಉಳಿದದ್ದೆಲ್ಲ ಆಮೇಲೆ.

ಶೆಡ್ಡಿನ ಮೂರು ನಾಲ್ಕು ಕಡೆಯಿಂದ ಒಟ್ಟು 30, 40 ಮರಿ ಹಿಡಿದು ನೋಡಬೇಕು. ಬಾಗಿಲ ಹತ್ತಿರದ ರಿಂಗ್ (ಮರಿಗಳ ಸುತ್ತ ತಗಡಿನಿಂದ ಕಟ್ಟಿದ ದುಂಡನೆಯ ಆವರಣ) ಒಂದನ್ನೇ ನೋಡಿ 'ಎಲ್ಲ ಚೆನ್ನಾಗಿದೆ' ಅನ್ನುವುದು ಬೇಡ. ಓಡಿ ಬರುವ ಚುರುಕಿನ ಮರಿಯನ್ನಷ್ಟೇ ಹಿಡಿಯುವುದೂ ಬೇಡ. ಕಣ್ಣು ಮುಚ್ಚಿ ಅಂಚಿನಲ್ಲಿ ಕೂತದ್ದನ್ನೂ ಹಿಡಿಯಿರಿ. ಮರಿ ಇಳಿಸಿದ 2 ಗಂಟೆಗೆ ನೂರಕ್ಕೆ 75 ಮರಿಗಳ ಕ್ರಾಪ್ ತುಂಬಿರಬೇಕು. 4 ಗಂಟೆಗೆ 80, 12 ಗಂಟೆಗೆ 85ಕ್ಕೂ ಮೇಲೆ, 24 ಗಂಟೆಗೆ 95ಕ್ಕೂ ಮೇಲೆ, 48 ಗಂಟೆಗೆ ನೂರಕ್ಕೆ ನೂರು. ತಳಿ ಕಂಪನಿಗಳ ಕೈಪಿಡಿಗಳಲ್ಲಿ ಇರುವ ಗುರಿ ಇದೇ, ಮತ್ತು ಇದು ನಮ್ಮ ಶೆಡ್‌ಗಳಲ್ಲೂ ಸಿಗುವಂಥದ್ದೇ. 2 ಗಂಟೆಯ ಲೆಕ್ಕ ತಪ್ಪಿದರೆ ಸರಿಮಾಡಲು ಇಡೀ ರಾತ್ರಿ ಇದೆ. 24 ಗಂಟೆಯ ಲೆಕ್ಕ ತಪ್ಪಿದ ಮೇಲೆ ಉಳಿಯುವುದು ನಷ್ಟ ಕಡಿಮೆ ಮಾಡುವ ಕೆಲಸ ಮಾತ್ರ. ಆದ್ದರಿಂದ ಮರಿ ಇಳಿಸಿ, ಫೀಡ್ ಸುರಿದು, ಕೈಕಾಲು ತೊಳೆದು ಮಲಗುವ ಅಭ್ಯಾಸ ಇದ್ದರೆ ಅದನ್ನು ಆ ಒಂದು ರಾತ್ರಿಯ ಮಟ್ಟಿಗೆ ಬಿಡಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದ ರಾತ್ರಿ ಅದು.

"ಮೂರು ದಿನ ಹಳದಿ ಇರುತ್ತಲ್ಲ ಸಾರ್"

ಮೊಟ್ಟೆಯ ಹಳದಿ ಹೊಟ್ಟೆಯಲ್ಲೇ ಇದೆ, ಫೀಡಿಗೆ ಅವಸರವಿಲ್ಲ ಎಂಬ ಈ ಮಾತು ಎಲ್ಲ ಕಡೆ ಕೇಳುತ್ತೇನೆ. ಅರ್ಧ ನಿಜ, ಅರ್ಧ ಅಪಾಯ. ಮರಿ ಮೊಟ್ಟೆಯೊಡೆದು ಬರುವ ಹೊತ್ತಿಗೆ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಅದರಲ್ಲಿ ಕೊಬ್ಬು ಇದೆ, ಪ್ರೋಟೀನ್ ಇದೆ, ತಾಯಿ ಕೊಟ್ಟ ರೋಗನಿರೋಧಕ ಶಕ್ತಿ ಇದೆ. ಎರಡು ಮೂರು ದಿನ ಮರಿ ಅದರ ಮೇಲೆ ಜೀವ ಹಿಡಿದುಕೊಂಡಿರಬಲ್ಲದು. ದೂರದ ಊರಿಗೆ ಮರಿ ಸಾಗಿಸಲು ಆಗುವುದೂ ಅದರಿಂದಲೇ. ಆದರೆ ಜೀವ ಹಿಡಿದಿರುವುದು ಬೇರೆ, ಬೆಳೆಯುವುದು ಬೇರೆ.

ಮೊದಲ ವಾರ ಮರಿಯ ಸಣ್ಣ ಕರುಳು ಮೈಗಿಂತ ವೇಗವಾಗಿ ಬೆಳೆಯುತ್ತದೆ. ಆಹಾರ ಹೀರುವ ಸೂಕ್ಷ್ಮ ಎಳೆಗಳು ಕರುಳಿನ ಒಳಗೋಡೆಯಲ್ಲಿ ಆಗಲೇ ಉದ್ದವಾಗುವುದು. ಎದೆಮಾಂಸಕ್ಕೆ ಆಧಾರವಾಗುವ ಜೀವಕೋಶಗಳು ಸಂಖ್ಯೆಯಲ್ಲಿ ಹೆಚ್ಚುವುದೂ ಬಹುಪಾಲು ಮೊದಲ ಕೆಲವೇ ದಿನಗಳಲ್ಲಿ. ಇದಕ್ಕೆಲ್ಲ ಕರುಳಿಗೆ ಫೀಡ್ ತಾಗಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಬೇಗ ಮೇವು ತಿಂದ ಮರಿಯಲ್ಲಿ ಹಳದಿ ಬೇಗ ಕರಗುತ್ತದೆ, ಹಸಿದ ಮರಿಯಲ್ಲಿ ನಿಧಾನ. 'ಹಳದಿ ಕರಗಲಿ, ಆಮೇಲೆ ಫೀಡ್ ಕೊಡೋಣ' ಎಂದು ಕಾಯುವುದು ಪೂರಾ ತಿರುಗುಮುರುಗು ಲೆಕ್ಕ.

ಜೊತೆಗೆ, ಶೆಡ್ಡಿಗೆ ಬರುವ ಹೊತ್ತಿಗೇ ಆ ಮೂರು ದಿನದ ದೊಡ್ಡ ಪಾಲು ಖರ್ಚಾಗಿರುತ್ತದೆ. 21 ದಿನ ಕಾವು ಕೂತ ಎಲ್ಲ ಮೊಟ್ಟೆಯೂ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲ ಮರಿಗೂ ಕೊನೆಯ ಮರಿಗೂ ಒಂದು ದಿನ, ಕೆಲವೊಮ್ಮೆ ಒಂದೂವರೆ ದಿನದ ಅಂತರ ಇರುತ್ತದೆ. ಆಮೇಲೆ ಎಣಿಕೆ, ಲಸಿಕೆ, ಪೆಟ್ಟಿಗೆ ತುಂಬುವುದು, ಹ್ಯಾಚರಿಯಿಂದ (ಮರಿ ಮಾಡಿಸುವ ಕೇಂದ್ರ) ನಮ್ಮ ಕಡೆಗೆ ರಾತ್ರಿಯಿಡೀ ಪ್ರಯಾಣ. ಮೊದಲು ಹುಟ್ಟಿದ ಮರಿ ನೀವು ಶೆಡ್ಡಿನಲ್ಲಿ ಫೀಡ್ ಚೆಲ್ಲಲು ಹಾಸಿದ ಪೇಪರ್ ಹಾಳೆಯ ಮೇಲೆ ಕಾಲಿಡುವಾಗ ಎರಡು ದಿನದ ಉಪವಾಸ ಮುಗಿಸಿರಬಹುದು. ಈ ಕಾರಣಕ್ಕೇ ನೆದರ್ಲೆಂಡ್ಸ್, ಬೆಲ್ಜಿಯಂ ಕಡೆ ಹ್ಯಾಚರಿಯ ಪೆಟ್ಟಿಗೆಯಲ್ಲೇ ಫೀಡು ನೀರು ಕೊಡುವ, ಇಲ್ಲವೇ ಹದಿನೆಂಟು ದಿನದ ಮೊಟ್ಟೆಯನ್ನೇ ಶೆಡ್ಡಿಗೆ ತಂದು ಅಲ್ಲೇ ಮರಿ ಮಾಡಿಸುವ ಪದ್ಧತಿ ಬಂದಿದೆ. ನಮಗೆ ಸದ್ಯ ಅದು ಇಲ್ಲ. ನಮ್ಮ ಕೈಯಲ್ಲಿರುವುದು ಗಾಡಿ ಶೆಡ್ಡಿನ ಮುಂದೆ ನಿಂತ ಕ್ಷಣದಿಂದ ಮುಂದಿನದು.

ಕ್ರಾಪ್ ಖಾಲಿ, ಮರಿ ಗುಂಪು ಗುಂಪು

ನಮ್ಮ ಎರಡು ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚು ನೋಡುವ ದೋಷ ಇದು. ಚಳಿಯಾದ ಮರಿ ತಿನ್ನುವುದಿಲ್ಲ. ಮೈ ಬೆಚ್ಚಗಾಗುವವರೆಗೆ ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತದೆ, ಎರಡು ಅಡಿ ದೂರದಲ್ಲಿ ಫೀಡ್ ಇದ್ದರೂ ಹೋಗುವುದಿಲ್ಲ. ಮೊದಲ ನಾಲ್ಕೈದು ದಿನ ಮರಿಗೆ ತನ್ನ ಮೈ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪ ಕಡೆ ಆಷಾಢದ ಮಳೆ ಹಿಡಿದರೆ ಶೆಡ್ಡಿನ ಗೋಡೆ, ನೆಲ ಎಲ್ಲವೂ ಥಂಡಿ. ಹಾಸನ ಪಟ್ಟಣದ ಸುತ್ತಮುತ್ತ ಡಿಸೆಂಬರ್, ಜನವರಿ ಬೆಳಗಿನ ಜಾವ ಹೊರಗಿನ ಶಾಖ 14, 15 ಡಿಗ್ರಿಗೆ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ ತೋರಿಸಿ '32 ಇದೆ ನೋಡಿ' ಅನ್ನುತ್ತಾರೆ. ಮರಿ ಇರುವುದು ಗೋಡೆಯ ಮೇಲಲ್ಲ. ಲೇಸರ್ ಥರ್ಮಾಮೀಟರ್ ಅನ್ನು ನೆಲಕ್ಕೆ ಹಾಸಿದ ಹೊಟ್ಟಿನ (ಲಿಟರ್) ಕಡೆಗೆ ಹಿಡಿಯಿರಿ. ಮರಿ ಕೂರುವ ಮಟ್ಟದಲ್ಲಿ ಗಾಳಿ 32, 33 ಡಿಗ್ರಿ ಇರಬೇಕು, ಹೊಟ್ಟಿನ ಮೇಲ್ಮೈ 30 ಡಿಗ್ರಿಯ ಆಸುಪಾಸು ಇರಬೇಕು. ಹೊಟ್ಟು ಸರಿಸಿ ಕೆಳಗಿನ ಸಿಮೆಂಟಿಗೂ ಒಮ್ಮೆ ಹಿಡಿಯಿರಿ. ಅಲ್ಲಿ 28 ಆದರೂ ಸಿಗಬೇಕು. ಮೇಲೆ ಬಿಸಿ ಗಾಳಿ, ಕೆಳಗೆ 22 ಡಿಗ್ರಿ ಸಿಮೆಂಟು ಇದ್ದರೆ ಮರಿಯ ಪಾದದಿಂದ ಶಾಖ ಇಳಿದು ಹೋಗುತ್ತಲೇ ಇರುತ್ತದೆ.

ಯಂತ್ರ ಇಲ್ಲದಿದ್ದರೆ ಮರಿಯನ್ನೇ ಕೇಳಿ. ಒಂದು ಮರಿ ಎತ್ತಿ ಅದರ ಎರಡೂ ಪಾದಗಳನ್ನು ನಿಮ್ಮ ಕೆನ್ನೆಗೆ ಇಲ್ಲವೇ ಕುತ್ತಿಗೆಗೆ ಇಟ್ಟುಕೊಳ್ಳಿ. ಬೆಚ್ಚಗೆ ತಾಗಿದರೆ ಸರಿ. ತಣ್ಣಗೆ ತಾಗಿದರೆ ನಿಮ್ಮ ಲಿಟರ್ ತಣ್ಣಗಿದೆ, ಅಷ್ಟೇ. ಹತ್ತು ಮರಿ ಹೀಗೆ ನೋಡಿ. ಮಕ್ಕಳ ಕಿವಿಗೆ ಇಡುವ ಥರ್ಮಾಮೀಟರ್ ಇದ್ದರೆ ಮರಿಯ ಗುದದ್ವಾರಕ್ಕೆ ತಾಗಿಸಿ ನೋಡಬಹುದು; 39.4ರಿಂದ 40.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ತಣ್ಣಗಿದೆ ಎಂದು ಖಚಿತವಾದ ಮೇಲೆ ಯಾಕೆ ಎಂದು ಹುಡುಕಬೇಕು. ಮೊದಲ ಅನುಮಾನ, ಬ್ರೂಡರ್ (ಮರಿಗೆ ಶಾಖ ಕೊಡುವ ಬಲ್ಬು ಅಥವಾ ಗ್ಯಾಸ್ ಒಲೆ) ಯಾವಾಗ ಹಚ್ಚಿದಿರಿ ಎಂಬುದು. ಮರಿ ಬರುವ ಎರಡು ಗಂಟೆ ಮೊದಲು ಬಲ್ಬು ಹಾಕಿದರೆ ಗಾಳಿ ಬಿಸಿಯಾಗುತ್ತದೆ, ನೆಲ ಆಗುವುದಿಲ್ಲ. ಬೇಸಿಗೆಯಲ್ಲಿ 12 ಗಂಟೆ, ಮಳೆ ಚಳಿಯಲ್ಲಿ ಪೂರ್ತಿ 24 ಗಂಟೆ ಮೊದಲೇ ಹಚ್ಚಿ. ಮಲೆನಾಡಿನ ಜಡಿಮಳೆಯಲ್ಲಿ ಅದಕ್ಕೂ ಹೆಚ್ಚು ಬೇಕಾಗುತ್ತದೆ. ವಿದ್ಯುತ್ತು, ಗ್ಯಾಸು ದುಬಾರಿ, ಒಪ್ಪುತ್ತೇನೆ. ಆದರೆ ಆ ರಾತ್ರಿ ಉಳಿಸಿದ ದುಡ್ಡನ್ನು ಕೊನೆಯಲ್ಲಿ ತೂಕದ ಲೆಕ್ಕದಲ್ಲಿ ಕಳೆದುಕೊಳ್ಳುತ್ತೀರಿ.

ಎರಡನೆಯದು ಬಲ್ಬು. ಆಲೂರು ಕಡೆಯ ಒಂದು ಶೆಡ್ಡಿನಲ್ಲಿ ಬೆಳಕು ಝಗಮಗ ಇತ್ತು, ಮರಿ ಮಾತ್ರ ರಾಶಿ ಬಿದ್ದಿದ್ದವು. ಹಳೆಯ ಬಲ್ಬು ಸುಟ್ಟು ಹೋದ ಕಡೆಯೆಲ್ಲ ಎಲ್‌ಇಡಿ ಹಾಕಿಸಿದ್ದರು. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಮರಿಗೆ 1ರಿಂದ 2 ವ್ಯಾಟ್ ಎಂದು ನಾವು ಹಾಕುವ ಲೆಕ್ಕ ತಂತಿ ಕಾಯುವ ಹಳೆಯ ಬಲ್ಬಿನದ್ದು. ಅವು ಸಿಗದಿದ್ದರೆ ಗ್ಯಾಸ್ ಬ್ರೂಡರ್ ಅಥವಾ ಇನ್‌ಫ್ರಾರೆಡ್ ಬಲ್ಬು ಬೇಕು.

ಮೂರನೆಯದು ಗಾಳಿ. ಮರಿ ರಿಂಗಿನ ಒಂದೇ ಬದಿಗೆ ಸೇರಿದ್ದರೆ ಎದುರು ಬದಿಯಿಂದ ತಣ್ಣನೆ ಗಾಳಿ ನುಗ್ಗುತ್ತಿದೆ ಎಂದರ್ಥ. ಮೊಣಕಾಲೂರಿ ಮರಿಯ ಎತ್ತರದಲ್ಲಿ ಕೈಬೆನ್ನು ಹಿಡಿದು ನೋಡಿ, ಪರದೆ ಎಲ್ಲಿ ಹರಿದಿದೆ, ಬಾಗಿಲ ಸಂದು ಎಲ್ಲಿದೆ ಎಂದು ತಿಳಿಯುತ್ತದೆ. ಹಾಗೆಂದು ಶೆಡ್ಡಿಗೆ ಉಸಿರೇ ಇಲ್ಲದಂತೆ ಟಾರ್ಪಾಲು ಮುಚ್ಚಬೇಡಿ. ಇದ್ದಿಲ ಬುಖಾರಿ (ಶಾಖಕ್ಕಾಗಿ ಇಡುವ ಒಲೆ) ಹಚ್ಚುವವರಿಗೆ ಇದನ್ನು ಕಳಕಳಿಯಿಂದ ಹೇಳುತ್ತಿದ್ದೇನೆ: ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಮರಿ ತೂಕಡಿಸುತ್ತವೆ, ಫೀಡ್ ಕಡೆ ತಿರುಗಿಯೂ ನೋಡುವುದಿಲ್ಲ, 'ಬೆಚ್ಚಗೆ ಮಲಗಿವೆ' ಎಂದು ನಮಗೆ ಅನಿಸುತ್ತದೆ. ಶೆಡ್ಡಿನೊಳಗೆ ಹೋದ ಐದು ನಿಮಿಷಕ್ಕೆ ನಿಮಗೇ ತಲೆ ಭಾರವಾದರೆ ತಕ್ಷಣ ಹೊರಗೆ ಬಂದು ಪರದೆಯ ಮೇಲಂಚು ಇಳಿಸಿ. ಒಳಗೆ ಮಲಗುವ ಕೆಲಸದವರ ಜೀವಕ್ಕೂ ಅದು ಅಪಾಯ. ಪರದೆಯ ಮೇಲ್ಗಡೆ ಒಂದು ಗೇಣು ಯಾವಾಗಲೂ ತೆರೆದಿರಲಿ, ಗಾಳಿ ಮರಿಯ ಮೇಲೆ ನೇರ ಬೀಳದಂತೆ.

ಕ್ರಾಪ್ ಖಾಲಿ, ಮರಿ ತಗಡಿನ ಅಂಚಿಗೆ

ಇದು ಸೆಕೆ. ಬಾಯಿ ತೆರೆದು ಏದುಸಿರು ಬಿಡುತ್ತವೆ, ರೆಕ್ಕೆ ಇಳಿಬಿಡುತ್ತವೆ, ಬ್ರೂಡರ್ ಕೆಳಗೆ ಒಂದೂ ಇರುವುದಿಲ್ಲ. ಕಡೂರು, ಬೀರೂರು, ಅರಸೀಕೆರೆ ಕಡೆ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಬಲ್ಬು ಆರಿಸುವುದನ್ನು ಮರೆತರೆ ಸಾಕು. ಹಿಂಭಾಗಕ್ಕೆ ಹಿಕ್ಕೆ ಅಂಟಿಕೊಳ್ಳುವುದೂ ಇದರ ಒಂದು ಗುರುತು. ಬ್ರೂಡರ್ ಎತ್ತರಿಸಿ, ರಿಂಗ್ ಅಗಲ ಮಾಡಿ, ಬಲ್ಬು ಕಡಿಮೆ ಮಾಡಿ. ಒಣಗಾಳಿಯ ಕಾಲದಲ್ಲಿ ಗೋಡೆ ಬದಿಯ ನೆಲಕ್ಕೆ ನೀರು ಚಿಮುಕಿಸಿದರೆ ತೇವಾಂಶ ನೂರಕ್ಕೆ 60ರ ಹತ್ತಿರ ನಿಲ್ಲುತ್ತದೆ. ಹೊಟ್ಟಿನ ಮೇಲೆ ಚಿಮುಕಿಸಬೇಡಿ.

ಕ್ರಾಪ್ ಗಟ್ಟಿ: ನೀರಿನ ದಾರಿ ಹುಡುಕಿ

ಮರಿ ತಿನ್ನುವ ಪ್ರತಿ ಗ್ರಾಂ ಫೀಡಿಗೆ ಹತ್ತಿರ ಹತ್ತಿರ ಎರಡರಷ್ಟು ನೀರು ಬೇಕು. ನೀರು ಸಿಗದ ಮರಿ ಸ್ವಲ್ಪ ಹೊತ್ತಿನಲ್ಲಿ ತಿನ್ನುವುದನ್ನೂ ನಿಲ್ಲಿಸುತ್ತದೆ. ಆಮೇಲೆ ನೀವು ಕೊಡುವ ಫೀಡ್ ಎಷ್ಟೇ ಒಳ್ಳೆಯದಿದ್ದರೂ ಹಾಳೆಯ ಮೇಲೇ ಉಳಿಯುತ್ತದೆ.

ಕಡೂರು ಕಡೆಯ ಒಂದು ಶೆಡ್ಡನ್ನು ನಡೆಸುವ ಅಕ್ಕನೊಬ್ಬರು ಮರಿ ಇಳಿಸಿದ ರಾತ್ರಿಯೇ ಕರೆದಿದ್ದರು. ಬಾಗಿಲ ಕಡೆಯ ಮರಿಗಳ ಕ್ರಾಪ್ ಮೆತ್ತಗೆ ಚೆನ್ನಾಗಿತ್ತು. ಹಿಂದಿನ ಗೋಡೆಯ ಕಡೆ ಹೋದಂತೆ ಬೆರಳಿಗೆ ಮರಳು ಹಿಡಿದ ಹಾಗೆ ಗಟ್ಟಿ. "ಎಲ್ಲ ಕಡೆ ಒಂದೇ ಫೀಡು ಹಾಕಿದೀನಿ ಸಾರ್" ಅಂದರು. ಹೌದು, ಫೀಡು ಒಂದೇ. ನೀರು ಒಂದೇ ಆಗಿರಲಿಲ್ಲ. "ಅಕ್ಕ, ಕೊನೆಯ ನಿಪ್ಪಲ್ ಬೆರಳಲ್ಲಿ ಒತ್ತಿ ನೋಡಿ" ಅಂದೆ. ನಿಪ್ಪಲ್ ಎಂದರೆ ನೀರಿನ ಪೈಪಿನಲ್ಲಿ ಮರಿ ಕುಕ್ಕಿದಾಗ ನೀರು ಬಿಡುವ ಸಣ್ಣ ಮೂತಿ. ಒತ್ತಿದರು, ಒಂದು ಹನಿ ಬಂದು ನಿಂತಿತು. ಅದರ ಹಿಂದಿನದು ಅಲುಗಾಡಲೇ ಇಲ್ಲ. ಬಿಚ್ಚಿ ನೋಡಿದರೆ ಸೂಜಿಯ ಸುತ್ತ ಬಿಳಿ ಸುಣ್ಣದ ಪೊರೆ. ಆ ಕಡೆಯ ಬೋರ್ ನೀರು ಗಡಸು, ಎರಡು ಬ್ಯಾಚಿನ ನಡುವೆ ಲೈನ್ ಒಣಗಿ ನಿಂತಾಗ ಸುಣ್ಣ ಕಲ್ಲಾಗುತ್ತದೆ. ಆ ರಾತ್ರಿ ನಾವು ಮಾಡಿದ್ದು ಇಷ್ಟೇ: ಹಿಂದಿನ ಅರ್ಧಕ್ಕೆ ಕೈಯಿಂದ ತುಂಬುವ ಮರಿ ಡ್ರಿಂಕರ್‌ಗಳನ್ನು ಇಟ್ಟು, ಗಟ್ಟಿ ಕ್ರಾಪಿನ ಮರಿಗಳ ಕೊಕ್ಕನ್ನು ಒಂದೊಂದಾಗಿ ನೀರಿಗೆ ಮುಟ್ಟಿಸಿದೆವು. ಬೆಳಗಾಗುವುದರೊಳಗೆ ಬಹುಪಾಲು ಮರಿಗಳ ಕ್ರಾಪ್ ಮೆತ್ತಗಾಯಿತು. ಔಷಧಿ ಏನೂ ಹಾಕಲಿಲ್ಲ.

ನಿಪ್ಪಲ್ ಲೈನ್ ಇರುವ ಶೆಡ್ಡಿನಲ್ಲಿ ಪ್ರತಿ ನಿಪ್ಪಲನ್ನೂ ಮರಿ ಬರುವ ಮೊದಲೇ ಒತ್ತಿ ನೋಡಬೇಕು. ಬೇಸರದ ಕೆಲಸ, ಆದರೆ ಮಕ್ಕಳು ಕೂಡ ಮಾಡಬಹುದು. ಬ್ಯಾಚು ಖಾಲಿಯಾದಾಗ ಸಿಟ್ರಿಕ್ ಆಮ್ಲದ ದ್ರಾವಣವನ್ನು ಲೈನಿನಲ್ಲಿ ನಿಲ್ಲಿಸಿ, ಮರುದಿನ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಮೊದಲ ಎರಡು ದಿನ ನಿಪ್ಪಲ್ ಮರಿಯ ಕಣ್ಣಿನ ಮಟ್ಟಕ್ಕೆ ಇರಲಿ, ತುದಿಯಲ್ಲಿ ಹನಿ ಹೊಳೆಯುವಂತೆ ಒತ್ತಡ ಕಡಿಮೆ ಇರಲಿ. ಒತ್ತಡ ಜಾಸ್ತಿಯಾದರೆ ಎಳೆ ಮರಿಗೆ ಸೂಜಿ ತಳ್ಳಲು ಆಗುವುದಿಲ್ಲ.

ನೀರಿನ ಶಾಖವನ್ನೂ ನೋಡಿ. 18ರಿಂದ 21 ಡಿಗ್ರಿ ಮರಿಗೆ ಹಿತ. ಶೀಟಿನ ಮೇಲೆ ಕಪ್ಪು ಸಿಂಟೆಕ್ಸ್, ಬಿಸಿಲಲ್ಲಿ ಹಾದು ಬರುವ ಕಪ್ಪು ಪೈಪು ಇದ್ದರೆ ಮಧ್ಯಾಹ್ನ ಬರುವುದು ಸ್ನಾನದ ನೀರು. ಮರಿ ಮೂತಿ ತಿರುಗಿಸುತ್ತದೆ. ಟ್ಯಾಂಕಿಗೆ ಗೋಣಿ ಸುತ್ತಿ ಒದ್ದೆ ಮಾಡಿ, ಎರಡು ಗಂಟೆಗೊಮ್ಮೆ ಲೈನಿನ ನೀರು ಹೊರಬಿಡಿ. ಮಲೆನಾಡಿನ ಚಳಿಯಲ್ಲಿ ಇದರ ಉಲ್ಟಾ: ತೊರೆಯ ನೀರು ಕೊರೆಯುತ್ತಿರುತ್ತದೆ, ಮೊದಲ ದಿನದ ಮಟ್ಟಿಗೆ ಡ್ರಿಂಕರನ್ನು ಮರಿಗಿಂತ ಕೆಲವು ಗಂಟೆ ಮೊದಲೇ ಬ್ರೂಡರ್ ಹತ್ತಿರ ತುಂಬಿಟ್ಟರೆ ಥಂಡಿ ಬಿಡುತ್ತದೆ.

ನೀರು ತಪ್ಪಿದ ಬ್ಯಾಚಿನಲ್ಲಿ ಮೂರು ನಾಲ್ಕು ದಿನಕ್ಕೆ ಗೌಟ್ (ಮೂತ್ರಪಿಂಡ ಕೆಟ್ಟು ಯೂರಿಕ್ ಆಮ್ಲ ಒಳ ಅಂಗಗಳ ಮೇಲೆ ಕೂರುವ ರೋಗ) ಕಾಣಿಸಿಕೊಳ್ಳಬಹುದು. ಅದರ ಗುರುತು ಮುಂದೆ ಹೇಳುತ್ತೇನೆ.

ಕ್ರಾಪ್ ತುಂಬ ಬರೀ ನೀರು: ಫೀಡಿನ ದಾರಿ ಹುಡುಕಿ

ಮೊದಲು ಬೆಲ್ಲದ ನೀರಿನ ಮಾತು. ದೂರದಿಂದ ಬಂದ ಮರಿಗೆ ಮೊದಲ ಮೂರು ನಾಲ್ಕು ಗಂಟೆ ಬೆಲ್ಲ, ಗ್ಲೂಕೋಸ್ ಅಥವಾ ಎಲೆಕ್ಟ್ರೋಲೈಟ್ ನೀರು ಕೊಡುವುದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ 'ಮೊದಲ ದಿನ ಪೂರ್ತಿ ಬೆಲ್ಲದ ನೀರು, ನಾಳೆ ಫೀಡ್' ಎಂಬ ಪದ್ಧತಿ ಖಂಡಿತ ತಪ್ಪು. ಸಿಹಿ ನೀರಲ್ಲೇ ಹೊಟ್ಟೆ ತುಂಬಿದ ಮರಿ ಕಾಳು ಹುಡುಕುವುದಿಲ್ಲ, ಹಿಂಭಾಗ ಅಂಟುತ್ತದೆ, ಡ್ರಿಂಕರಿನಲ್ಲಿ ಲೋಳೆ ಕಟ್ಟುತ್ತದೆ. ನೀರು ಇಟ್ಟ ಜೊತೆಗೇ ಫೀಡ್ ಹಾಳೆಯ ಮೇಲೆ ಇರಬೇಕು.

ಆಮೇಲೆ ಹಾಳೆ. ಫೀಡ್ ಇರುವ ಜಾಗಕ್ಕೆ ಮರಿ ಹುಡುಕಿಕೊಂಡು ಬರಬೇಕಾಗಬಾರದು. ಮರಿ ಕಾಲಿಟ್ಟಲ್ಲೇ ಫೀಡ್ ಇರಬೇಕು. ಬ್ರೂಡಿಂಗ್ ಜಾಗದ ಮುಕ್ಕಾಲಿಗೂ ಹೆಚ್ಚು ಪಾಲು ಪೇಪರ್ ಹಾಸಿ ಅದರ ಮೇಲೆ ಪ್ರಿ-ಸ್ಟಾರ್ಟರ್ (ಎಳೆ ಮರಿಗೆ ಕೊಡುವ ಮೊದಲ ಫೀಡ್) ಚೆಲ್ಲಿ. ಮರಿ ಓಡಾಡುವಾಗ ಪೇಪರಿನ ಮೇಲೆ ಕಾಲಿನ ಸದ್ದು ಬರುತ್ತದಲ್ಲ, ಆ ಸದ್ದೇ ಬೇರೆ ಮರಿಗಳನ್ನು ಕರೆಯುತ್ತದೆ. ಒಂದು ಕುಕ್ಕಿದರೆ ನಾಲ್ಕು ಕುಕ್ಕುತ್ತವೆ. ಒಂದೇ ಸಲ ಗುಡ್ಡೆ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಚೆಲ್ಲಿ, ಪ್ರತಿ ಸಲ ಮಲಗಿದ ಮರಿ ಏಳುತ್ತದೆ. ನೂರು ಮರಿಗೆ ಒಂದರಂತೆ ಫೀಡ್ ತಟ್ಟೆಯನ್ನೂ ಇಡಿ, ಆದರೆ ಬ್ರೂಡರಿನ ನೇರ ಕೆಳಗೆ ಬೇಡ. ಮೂರನೆಯ ದಿನದ ಹೊತ್ತಿಗೆ ಹಿಕ್ಕೆಯಾಗಿ ಒದ್ದೆಯಾದ ಪೇಪರ್ ತೆಗೆದುಬಿಡಿ. ಪೇಪರ್ ಹಾಸದೆ ಬರೀ ಹೊಟ್ಟಿನ ಮೇಲೆ ಮರಿ ಬಿಟ್ಟರೆ ಕೆಲವು ಹೊಟ್ಟನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ.

ಫೀಡನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಮೊದಲ ವಾರದ ಕ್ರಂಬಲ್ (ಗುಳಿಗೆ ಒಡೆದು ಮಾಡಿದ ಫೀಡ್) ಸಮನಾದ ಸಣ್ಣ ತರಿಯಾಗಿರಬೇಕು. ಚೀಲದ ತಳದಲ್ಲಿ ಪುಡಿ ಜಾಸ್ತಿ ಇದ್ದರೆ ಅದು ಕೊಕ್ಕಿಗೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಎಳೆ ಕೊಕ್ಕಿಗೆ ದಪ್ಪ ತರಿಯೂ ಹಿಡಿಯುವುದಿಲ್ಲ. ಮೂಸಿ ನೋಡಿ. ಮಳೆಗಾಲದಲ್ಲಿ ನೆಲಕ್ಕೇ ಒತ್ತಿಟ್ಟ ಚೀಲ ಮುಗ್ಗಲು ವಾಸನೆ ಹೊಡೆದರೆ, ಉಂಡೆ ಕಟ್ಟಿದ್ದರೆ, ಆ ಚೀಲ ಮರಿಗೆ ಬೇಡವೇ ಬೇಡ. ಬೂಷ್ಟಿನ ವಿಷದಿಂದ ಬಾಯಿಯೊಳಗೆ ಹುಣ್ಣಾದ ಮರಿ ತಿನ್ನುವುದನ್ನೇ ಬಿಡುತ್ತದೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಮೊದಲ ದಿನ ಮೆಕ್ಕೆಜೋಳದ ತರಿ ಕೊಡುವ ರೂಢಿಯೂ ನಮ್ಮಲ್ಲಿದೆ. ಹಿಂಭಾಗ ಅಂಟುವ ತೊಂದರೆ ಇರುವ ಕಡೆ ಕೆಲವು ಗಂಟೆ ಕೊಡಬಹುದು, ಆದರೆ ಅದು ಪೂರ್ಣ ಆಹಾರವಲ್ಲ. ಪ್ರಿ-ಸ್ಟಾರ್ಟರಿನಲ್ಲಿ ಪ್ರೋಟೀನ್ ನೂರಕ್ಕೆ 23ರ ಹತ್ತಿರ ಇದ್ದರೆ ಬರೀ ಜೋಳದಲ್ಲಿ ಎಂಟೊಂಬತ್ತು ಮಾತ್ರ.

ಕೊನೆಗೆ ಬೆಳಕು. ಮರಿ ಫೀಡನ್ನು ಕಣ್ಣಿಂದ ಹುಡುಕುತ್ತದೆ. ಮೊದಲ ದಿನಗಳಲ್ಲಿ 23 ಗಂಟೆ ಬೆಳಕು ಬೇಕು, ಮರಿಯ ಮಟ್ಟದಲ್ಲಿ ದಿನಪತ್ರಿಕೆಯ ಸಣ್ಣಕ್ಷರ ಸುಲಭವಾಗಿ ಓದುವಷ್ಟು. ಬುಖಾರಿ ಇಟ್ಟವರಿಗೆ ಶಾಖ ಇರುತ್ತದೆ, ಕರೆಂಟು ಹೋದ ಮೇಲೆ ಬೆಳಕು ಇರುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ರಾತ್ರಿಯಿಡೀ ಕತ್ತಲೆ. ಇಲ್ಲಿ ಎಲ್‌ಇಡಿ ಮತ್ತು ಬ್ಯಾಟರಿ ಒಳ್ಳೆಯ ಉಪಕಾರ ಮಾಡುತ್ತವೆ.

ಶೆಡ್ಡು ಸರಿ ಇದ್ದೂ ಮರಿ ತಿನ್ನದಿದ್ದರೆ

ಆಗ ಮರಿ ಬಂದ ಸ್ಥಿತಿಯನ್ನು ನೋಡಬೇಕು, ಇದನ್ನು ಇಳಿಸುವಾಗಲೇ ಮಾಡಿಟ್ಟಿರಬೇಕು. ನಾಲ್ಕೈದು ಪೆಟ್ಟಿಗೆಗಳನ್ನು ತೂಗಿ, ಖಾಲಿ ಪೆಟ್ಟಿಗೆಯ ತೂಕ ಕಳೆದು ಸರಾಸರಿ ಬರೆಯಿರಿ. 40 ಗ್ರಾಂ ಮೇಲಿದ್ದರೆ ಸಾಮಾನ್ಯ. 35ರ ಕೆಳಗಿದ್ದರೆ ಎಳೆಯ ತಾಯಿಕೋಳಿಗಳ ಮೊಟ್ಟೆಯ ಮರಿ ಇರಬಹುದು. ಅವಕ್ಕೆ ಒಂದೆರಡು ಡಿಗ್ರಿ ಹೆಚ್ಚು ಶಾಖ ಬೇಕು, ಸಾಧ್ಯವಾದರೆ ಬೇರೆ ರಿಂಗ್ ಬೇಕು. ಕಾಲಿನ ಚರ್ಮ ಒಣಗಿ ನರ ಎದ್ದು ಕಾಣುತ್ತಿದ್ದರೆ ನೀರಿನಂಶ ಕಳೆದುಕೊಂಡಿದೆ. ಹೊಕ್ಕಳು ಮುಚ್ಚಿ ನುಣ್ಣಗಿರಬೇಕು. ಕಪ್ಪು ಗುಂಡಿಯ ಹಾಗೆ ಉಳಿದಿದ್ದರೆ, ಒದ್ದೆಯಿದ್ದರೆ ಗುರುತು ಮಾಡಿ. ಹ್ಯಾಚರಿಯಿಂದ ಗಾಡಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು, ಪೆಟ್ಟಿಗೆಯಲ್ಲಿ ಎಷ್ಟು ಸತ್ತಿದ್ದವು ಎಂದು ಅಲ್ಲೇ ಬರೆದು ಫೋಟೋ ತೆಗೆದಿಡಿ. ನಾಲ್ಕನೆಯ ದಿನ ಮರಿ ಕೊಟ್ಟ ಕಂಪನಿಯ ಸೂಪರ್‌ವೈಸರ್ ಬಂದಾಗ ಬಾಯಿಮಾತಿನ ಜಗಳಕ್ಕಿಂತ ಆ ಚೀಟಿ ಹೆಚ್ಚು ಕೆಲಸ ಮಾಡುತ್ತದೆ.

ಇಳಿಸುವಾಗ ಪೆಟ್ಟಿಗೆಗಳನ್ನು ಶೆಡ್ಡಿನೊಳಗೆ ಒಂದರ ಮೇಲೊಂದು ಪೇರಿಸಿ ಕಾಫಿ ಕುಡಿಯಲು ಹೋಗಬೇಡಿ. ಮುಚ್ಚಿದ ಪೆಟ್ಟಿಗೆ ಬೆಚ್ಚನೆಯ ಶೆಡ್ಡಿನಲ್ಲಿ ಕೆಲವೇ ನಿಮಿಷಕ್ಕೆ ಬಿಸಿಯೇರುತ್ತದೆ.

ಸತ್ತ ಮರಿ ಕೊಯ್ದಾಗ

ಮೂರರಿಂದ ಐದನೆಯ ದಿನ ಸಾವು ಏರಿ ಆಮೇಲೆ ತಾನೇ ಇಳಿದರೆ ಹಸಿವಿನ ಸಾವನ್ನೇ ಮೊದಲು ಶಂಕಿಸಿ. ಅಂಥ ಮರಿಯ ಕ್ರಾಪ್ ಖಾಲಿ, ಕರುಳು ಖಾಲಿ, ಮೇವು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ಬರೀ ಹೊಟ್ಟು ಅಥವಾ ಏನೂ ಇಲ್ಲ, ಪಿತ್ತಕೋಶ ಮಾತ್ರ ಊದಿ ಕಡುಹಸಿರಾಗಿರುತ್ತದೆ. ಊಟ ಬರದ್ದರಿಂದ ಪಿತ್ತ ಖಾಲಿಯಾಗಿಲ್ಲ. ನಿಧಾನವಾಗಿಯಾದರೂ ಹಳದಿ ಚೀಲ ಅಷ್ಟು ಹೊತ್ತಿಗೆ ಕರಗಿ ಹೋಗಿರುತ್ತದೆ.

ಇದಕ್ಕೆ ಬದಲು ಹಳದಿ ಚೀಲ ದೊಡ್ಡದಾಗಿ, ನೀರಾಗಿ ಅಥವಾ ಮೊಸರಿನ ಹಾಗೆ ಒಡೆದು ಕೆಟ್ಟ ವಾಸನೆ ಬಂದರೆ, ಹೊಕ್ಕಳ ಸುತ್ತ ಕೆಂಪಾಗಿದ್ದರೆ ಅದು ಹೊಕ್ಕಳ ಸೋಂಕು. ಹೃದಯ, ಲಿವರ್ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ, ಮೂತ್ರಪಿಂಡ ಊದಿ ಬಿಳಿಚಿದ್ದರೆ ಗೌಟ್. ಅದಕ್ಕೆ ನೀರಿನ ಕೊರತೆಯಲ್ಲದೆ ಬೇರೆ ಕಾರಣಗಳೂ ಉಂಟು, ಕೆಲವು ವೈರಸ್ ಸೇರಿ. ಶ್ವಾಸಕೋಶದಲ್ಲಿ ಸಣ್ಣ ಹಳದಿ ಗಂಟುಗಳಿದ್ದು ಮರಿ ಬಾಯಿ ತೆರೆದು ಸದ್ದಿಲ್ಲದೆ ಉಸಿರೆಳೆಯುತ್ತಿದ್ದರೆ ಬೂಷ್ಟು ಹಿಡಿದ ಹೊಟ್ಟನ್ನು ಅನುಮಾನಿಸಿ. ಮಳೆಗೆ ನೆನೆದ ಭತ್ತದ ಹೊಟ್ಟು, ಸರಿಯಾಗಿ ಒಣಗದ ತೆಂಗಿನ ನಾರಿನ ಪುಡಿ ಎರಡರಿಂದಲೂ ಇದು ಬರುತ್ತದೆ. ಈ ಮೂರರಲ್ಲಿ ಯಾವುದೇ ಕಂಡರೆ ನೀವೇ ಔಷಧಿ ಆರಿಸಬೇಡಿ. ಆಗತಾನೆ ಸತ್ತ ಐದಾರು ಮರಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಐಸ್ ಜೊತೆ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಅದೇ ದಿನ ಒಯ್ಯಿರಿ. ಕೊಳೆತ ಮರಿಯಿಂದ ಏನೂ ತಿಳಿಯುವುದಿಲ್ಲ.

ತಡವಾಗಿ ಗೊತ್ತಾದರೆ

ಎರಡನೆಯ ದಿನ ನೂರಕ್ಕೆ ಹತ್ತು ಹದಿನೈದು ಕ್ರಾಪ್ ಖಾಲಿ ಸಿಕ್ಕಿವೆ ಅಂದುಕೊಳ್ಳಿ. ಕಾರಣ ಸರಿಮಾಡುವುದರ ಜೊತೆಗೆ ಆ ಮರಿಗಳನ್ನು ಗುಂಪಿನಿಂದ ಬೇರೆ ಮಾಡಿ. ಶೆಡ್ಡಿನ ಬೆಚ್ಚನೆಯ ಮಧ್ಯಭಾಗದಲ್ಲಿ ಒಂದು ಸಣ್ಣ ರಿಂಗ್, ಹೊಸ ಪೇಪರು, ತಗ್ಗಿನ ಡ್ರಿಂಕರು, ಒಂದೆರಡು ಡಿಗ್ರಿ ಹೆಚ್ಚು ಶಾಖ. ಪ್ರತಿ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ, ಸ್ವಲ್ಪ ಕ್ರಂಬಲ್‌ಗೆ ನೀರು ಬೆರೆಸಿ ಹುಡಿಹುಡಿಯಾಗಿ ತಟ್ಟೆಯಲ್ಲಿಡಿ. ಎರಡು ಗಂಟೆಗೆ ಉಳಿದದ್ದು ಹುಳಿಯುವ ಮೊದಲು ಎಸೆಯಿರಿ. ಚುರುಕಿನ ಐದಾರು ಮರಿಗಳನ್ನು ಅವುಗಳ ಜೊತೆ ಬಿಟ್ಟರೆ ಕುಕ್ಕುವುದನ್ನು ನೋಡಿ ಕಲಿಯುತ್ತವೆ. ಬಹುಪಾಲು ಎದ್ದು ನಿಲ್ಲುತ್ತವೆ. ಕಾಲು ಮಡಿಚಿ ಮಲಗಿ, ಎಬ್ಬಿಸಿದರೂ ನಿಲ್ಲದವು ಉಳಿಯುವುದು ಕಷ್ಟ.

ಏಳನೆಯ ದಿನ ಎಲ್ಲ ಮೂಲೆಗಳಿಂದ ಕನಿಷ್ಠ ನೂರು ಮರಿ ಹಿಡಿದು ಒಂದೊಂದನ್ನೇ ತೂಗಿ. ಬಕೆಟ್ಟಿನಲ್ಲಿ ಇಪ್ಪತ್ತು ಮರಿ ಹಾಕಿ ಸರಾಸರಿ ತೆಗೆದರೆ ಹಿಂದುಳಿದವು ಅದರಲ್ಲಿ ಮುಚ್ಚಿಹೋಗುತ್ತವೆ. ಬಂದ ದಿನದ ತೂಕಕ್ಕೆ ಕನಿಷ್ಠ ನಾಲ್ಕು ಪಟ್ಟು ಬರಬೇಕು, ಚೆನ್ನಾಗಿ ನಡೆದ ಶೆಡ್ಡಿನಲ್ಲಿ ನಾಲ್ಕೂವರೆಗೂ ಮೇಲೆ ಬರುತ್ತದೆ. ಮೊದಲ ವಾರದ ಒಟ್ಟು ಸಾವು ನೂರಕ್ಕೆ ಒಂದನ್ನು ದಾಟಬಾರದು. ಹಗುರ ಮರಿಗಳು ಶೆಡ್ಡಿನ ಯಾವ ಭಾಗದಲ್ಲಿ ಹೆಚ್ಚು ಸಿಕ್ಕವು ಎಂದು ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಶೆಡ್ಡು ಖಾಲಿಯಾದಾಗ ಮೊದಲು ಬಿಚ್ಚಿ ನೋಡಬೇಕಾದ ನಿಪ್ಪಲ್, ಹೊಲಿಯಬೇಕಾದ ಪರದೆ, ಬದಲಿಸಬೇಕಾದ ಬಲ್ಬು ಇರುವುದು ಅಲ್ಲೇ.